ಮಂಡಿನೋವಿನ ಊರಿನಲ್ಲಿ

ಮಂಡಿನೋವಿನವರು ಎರಡು ಸಾವಿರ ವರ್ಷದಿಂದ ಹುಡುಕಿಕೊಂಡು ಬರುತ್ತಿರುವ ಊರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ಅವಳ ಮಂಡಿಯನ್ನು ಇನ್ನಷ್ಟು ಕೆಡಿಸಿ ತಂದವನು ನಾನು. ಇದನ್ನು ನಮ್ಮೂರು ಬಾಗಲೂರಿನಲ್ಲಿ ಯಾರಿಗೂ ಹೇಳಿಲ್ಲ. ‘ಇಂಗ್ಲೆಂಡ್ ಹೆಂಗಿತ್ತು ಮೇಷ್ಟ್ರೇ?’ ಎಂದು ಕೇಳಿದವರಿಗೆಲ್ಲ ಲಂಡನ್ನಿನ ಕಥೆ ಹೇಳುತ್ತೇನೆ. ಆ ಊರು, ಬಾತ್‌ನ ವಿಷಯ ಬಂದರೆ ‘ಹಳೇ ಊರು, ಚೆನ್ನಾಗಿದೆ’ ಎಂದು ಜಾರಿಕೊಳ್ಳುತ್ತೇನೆ.

ಮಗಳು ಇರುವುದು ರೆಡಿಂಗ್‌ನಲ್ಲಿ. ಅಲ್ಲಿಂದ ಬಾತ್‌ಗೆ ರೈಲಿನಲ್ಲಿ ಒಂದು ಗಂಟೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನಿಗೆ ರೋಮನ್ನರ ಸ್ನಾನಗೃಹವನ್ನು ಕಣ್ಣಾರೆ ನೋಡುವ ಯೋಗ. ಹಿಂದಿನ ರಾತ್ರಿಯೇ ಚೀಟಿಯಲ್ಲಿ ಹನ್ನೊಂದು ಜಾಗ ಬರೆದು, ಒಂದೊಂದರ ಮುಂದೆ ಗಂಟೆ ಹಾಕಿದ್ದೆ. ಶಾಲೆಯ ವೇಳಾಪಟ್ಟಿಯ ಚಾಳಿ. ಮಗಳಿಗೆ ಅಂದು ರಜೆ ಸಿಗಲಿಲ್ಲ. ಹೊರಡುವಾಗ ಅವಳು ತಾಯಿಯ ಕೈಚೀಲಕ್ಕೆ ಏನನ್ನೋ ತುರುಕಿದಳು. ಇಬ್ಬರೂ ನಕ್ಕರು. ಪುಳಿಯೋಗರೆ ಡಬ್ಬಿ ಇರಬೇಕು ಅಂದುಕೊಂಡೆ.

ಮೊದಲು ರೋಮನ್ ಕೊಳ. ನೀರು ಹಸಿರು, ಮೇಲೆ ತೆಳ್ಳಗೆ ಹಬೆ. ನಾನು ಶುರುಮಾಡಿದೆ. ಬುಗ್ಗೆಯ ನೀರು 46 ಡಿಗ್ರಿ, ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ಸಾವಿರಾರು ವರ್ಷ ಹಿಂದೆ ಮೆಂಡಿಪ್ ಬೆಟ್ಟಗಳ ಮೇಲೆ ಬಿದ್ದ ಮಳೆ ನೆಲದಾಳಕ್ಕೆ ಇಳಿದು, ಕಾದು ಮೇಲೆ ಬರುತ್ತದೆ. ರೋಮನ್ನರು ಕಟ್ಟಿದ ಚರಂಡಿ ಇವತ್ತಿಗೂ ಹೆಚ್ಚಾದ ನೀರನ್ನು ಏವನ್ ನದಿಗೆ ಸಾಗಿಸುತ್ತಿದೆ. ಅವಳು ಕೇಳಿದ್ದು ಒಂದೇ. ‘ಕಾಲು ಇಳಿಬಿಡಬಹುದಾ?’ ಆ ಕೊಳದಲ್ಲಿ ಆಗುವುದಿಲ್ಲ. ನೀರಿನಲ್ಲಿದ್ದ ಅಮೀಬಾ ಮೆದುಳಿಗೆ ಹತ್ತಿ ಒಬ್ಬ ಹುಡುಗಿ ಸತ್ತಳೆಂದು 1978ರಲ್ಲೇ ಅಲ್ಲಿ ಸ್ನಾನ ನಿಲ್ಲಿಸಿದ್ದಾರೆ. ಅದನ್ನೂ ವಿವರವಾಗಿ ಹೇಳಿದೆ.

ಒಳಗಿನ ವಸ್ತುಸಂಗ್ರಹಾಲಯದಲ್ಲಿ ಅವಳಿಗೆ ಇಷ್ಟವಾದದ್ದು ಶಾಪದ ಹಾಳೆಗಳು. ಸ್ನಾನಕ್ಕೆ ಬಂದವರ ಬಟ್ಟೆಬರೆ ಕಳವಾದರೆ, ತೆಳು ಸೀಸದ ತಗಡಿನ ಮೇಲೆ ದೂರು ಗೀಚಿ, ಸುರುಳಿ ಸುತ್ತಿ, ಸುಲಿಸ್ ಮಿನರ್ವ ದೇವಿಯ ಬುಗ್ಗೆಗೆ ಎಸೆಯುತ್ತಿದ್ದರು. ಅಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ. ಡೊಸಿಮೆಡಿಸ್ ಎಂಬವನು ಎರಡು ಕೈಗವಸು ಕಳೆದುಕೊಂಡು, ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂದು ಬೇಡಿದ್ದಾನೆ. ‘ಕೈಗವಸಿಗೆ ಕಣ್ಣಾ! ನಮ್ಮಲ್ಲಿ ಮಣ್ಣು ತೂರ್ತಾರೆ, ಇವರು ಅರ್ಜಿ ಬರೀತಾರೆ, ಅಷ್ಟೇ’ ಅಂದಳು. ನನ್ನ ಅಷ್ಟೂ ಪಾಠಕ್ಕಿಂತ ಆ ಮಾತೇ ವಾಸಿ. ಹೊರಬರುವ ದಾರಿಯಲ್ಲಿ ಬುಗ್ಗೆಯ ನೀರನ್ನು ಕುಡಿದು ನೋಡಬಹುದು. ಒಂದು ಗುಟುಕು ಕುಡಿದು ಮುಖ ಕಿವಿಚಿದಳು. ‘ನಮ್ಮ ಬೋರ್‌ವೆಲ್ ನೀರನ್ನೇ ಬಿಸಿ ಮಾಡಿದ ಹಾಗಿದೆ.’

ಅಲ್ಲಿಂದ ನಾಲ್ಕು ಹೆಜ್ಜೆಗೆ ಥರ್ಮೆ ಬಾತ್ ಸ್ಪಾ. 2006ರಲ್ಲಿ ತೆರೆದದ್ದು. ಅದೇ ಬುಗ್ಗೆಗಳ ನೀರನ್ನು ಶುದ್ಧಮಾಡಿ ಅಲ್ಲಿ ಕೊಳಕ್ಕೆ ಬಿಡುತ್ತಾರೆ. ಮಾಳಿಗೆಯ ಮೇಲೂ ಒಂದು ಕೊಳವಿದೆ. ಅವಳು ಬಾಗಿಲ ಬಳಿ ನಿಂತಳು. ‘ಇಲ್ಲಿ ಇಳೀಬಹುದಂತೆ, ಮಗಳು ಹೇಳಿದ್ಲು.’ ನಾನು ದರಪಟ್ಟಿ ನೋಡಿ ಪೌಂಡನ್ನು ರೂಪಾಯಿಗೆ ಗುಣಿಸಿದೆ. ಇಬ್ಬರಿಗೆ, ಎರಡು ಗಂಟೆಗೆ, ಎಂಟೊಂಬತ್ತು ಸಾವಿರ. ‘ಬಿಸಿನೀರಿಗೆ ಇಷ್ಟಾ? ಮನೇಲಿ ಗೀಸರ್ ಇಲ್ವಾ?’ ಅಂದೆ. ಅಷ್ಟಕ್ಕೆ ಬಿಡಲಿಲ್ಲ. ‘ಇಲ್ಲೆಲ್ಲ ಸೀರೆ ಉಟ್ಟು ಇಳಿಯೋಕೆ ಬಿಡಲ್ಲ. ನಿನ್ನ ಹತ್ರ ಈಜುಡುಗೆ ಎಲ್ಲಿದೆ?’ ಎಂದು ನಕ್ಕೆ. ಅವಳು ಕೈಚೀಲವನ್ನು ಎದೆಗೆ ಒತ್ತಿಕೊಂಡು ‘ಹೋಗಲಿ ಬಿಡಿ’ ಅಂದಳು.

ದಾರಿಯಲ್ಲಿ ಸಿಕ್ಕಿತು, 1742ರಲ್ಲಿ ತೆರೆದ ಖನಿಜಜಲದ ಆಸ್ಪತ್ರೆಯ ಹಳೆಯ ಕಟ್ಟಡ. ಸಂಧಿವಾತದ ಬಡವರು ದೂರದೂರದಿಂದ ಈ ನೀರಿಗಾಗಿ ಬರುತ್ತಿದ್ದರು. ಸೇರಿಕೊಳ್ಳುವಾಗಲೇ, ವಾಸಿಯಾದರೆ ಊರಿಗೆ ಮರಳಲು, ಸತ್ತರೆ ಮಣ್ಣುಮಾಡಲು ಎಂದು ಮುಂಗಡ ಹಣ ಕಟ್ಟಬೇಕಿತ್ತು. ಈ ಕಥೆಯನ್ನು ನಾನು ರಸವತ್ತಾಗಿ ಹೇಳಿದ್ದು ಯಾರಿಗೆ? ಗೋಡೆ ಹಿಡಿದು ನಿಂತು ಬಲಮಂಡಿ ಒತ್ತಿಕೊಳ್ಳುತ್ತಿದ್ದವಳಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ತೋಟದ ಬಾವಿಯಿಂದ ನೀರು ಹೊತ್ತವಳು, ರಾಗಿ ಪೈರಿನಲ್ಲಿ ಕೂತು ಕಳೆ ಕಿತ್ತವಳು. ಬಾಗಲೂರಿನ ಹೊಲಗಳು ಲೇಔಟ್ ಆದವು, ಮಂಡಿ ಹಾಗೇ ಉಳಿಯಿತು.

ಚೀಟಿಯಲ್ಲಿ ಇನ್ನೂ ಏಳು ಜಾಗ ಬಾಕಿ. ಬಾತ್ ಬಟ್ಟಲಿನಂಥ ಊರು, ನಡುವಿನಿಂದ ಯಾವ ಕಡೆ ಹೊರಟರೂ ಏರು. ರಾಯಲ್ ಕ್ರೆಸೆಂಟ್ ನೋಡಲು ಹತ್ತಿದೆವು. ಜೇನುಬಣ್ಣದ ಕಲ್ಲಿನಲ್ಲಿ ಮೂವತ್ತು ಮನೆಗಳು ಅರ್ಧಚಂದ್ರಾಕಾರವಾಗಿ ನಿಂತಿವೆ. ಅಲ್ಲಿ ಹುಲ್ಲಿನ ಮೇಲೆ ಕೂತು ಪುಳಿಯೋಗರೆ ತಿಂದೆವು. ಊರು ಸುತ್ತುವಾಗ ಅವಳು ಕೂತದ್ದು ಅದೊಂದೇ ಸಲ ಎಂದು ಈಗ ಲೆಕ್ಕ ಸಿಗುತ್ತದೆ.

ಮಧ್ಯಾಹ್ನ ಹಳ್ಳಿಗಾಡು ನೋಡಬೇಕೆಂದು ಬಸ್ಸಿನಲ್ಲಿ ಬಾತ್‌ಈಸ್ಟನ್‌ಗೆ. ಏವನ್ ನದಿಯ ಆಚೆ ಕಾಲುವೆ ದಂಡೆಯಲ್ಲಿ ಮಟ್ಟಸ ದಾರಿಯಿತ್ತು, ಕೂರಲು ಬೆಂಚುಗಳಿದ್ದವು. ಆದರೆ ನನಗೆ ಸಾಲ್ಸ್‌ಬರಿ ಬೆಟ್ಟವೇ ಬೇಕಿತ್ತು. ಕಬ್ಬಿಣ ಯುಗದ ಕೋಟೆ, ಮೇಲೆ ಮೇಜಿನಂತೆ ಸಮತಟ್ಟು. ‘ಇನ್ನೂರು ಮೀಟರ್ ಕೂಡ ಇಲ್ಲ ಕಣೇ, ನಮ್ಮ ನಂದಿಯ ಮುಂದೆ ಇದು ದಿಬ್ಬ’ ಎಂದು ಹುರಿದುಂಬಿಸಿದೆ. ನಂದಿಬೆಟ್ಟಕ್ಕೆ ನಾವು ಹೋಗುವುದು ಕಾರಿನಲ್ಲಿ, ತುದಿಯವರೆಗೂ. ಅದು ಆಗ ಹೊಳೆಯಲಿಲ್ಲ.

ಬೇಲಿ ದಾಟಲು ಇಟ್ಟಿದ್ದ ಮರದ ಮೆಟ್ಟಿಲ ಮೇಲೆ ಅವಳ ಮಂಡಿ ಕೈಕೊಟ್ಟಿತು. ಕೂಗಲಿಲ್ಲ. ಹಾಗೇ ಹುಲ್ಲಿನ ಮೇಲೆ ಕುಸಿದು, ‘ನೀವು ಹೋಗಿ ನೋಡಿಕೊಂಡು ಬನ್ನಿ’ ಅಂದಳು. ನಾನು ಹೋದೆ. ಹೌದು, ಅವಳನ್ನು ಹಸುಗಳ ಜೊತೆ ಬಿಟ್ಟು ತುದಿಗೆ ಹೋಗಿ, ಕೆಳಗಿನ ಊರಿನ ಹದಿನಾಲ್ಕು ಫೋಟೋ ತೆಗೆದೆ. ಎಣಿಸಿದ್ದೇನೆ, ಮೊಬೈಲಿನಲ್ಲಿ ಇನ್ನೂ ಇವೆ. ಒಂದರಲ್ಲೂ ಅವಳಿಲ್ಲ. ವಾಪಸು ರೈಲಿನಲ್ಲಿ ಅವಳು ಮಂಡಿಗೆ ಸೆರಗು ಬಿಗಿದು ಕಟ್ಟಿಕೊಂಡು ಕೂತಿದ್ದಳು. ಮನೆಯಲ್ಲಿ ಮಗಳು ‘ಸ್ಪಾದಲ್ಲಿ ಇಳಿದ್ರಾ?’ ಎಂದು ಕೇಳಿದಾಗ ‘ಅಪ್ಪ ಕರೆದ್ರು, ನನಗೇ ನಾಚಿಕೆ ಆಯ್ತು’ ಎಂದು ನನ್ನ ಮುಂದೆಯೇ ಸುಳ್ಳು ಹೇಳಿದಳು. ನಾನು ತಿದ್ದಲಿಲ್ಲ.

ಬಾಗಲೂರಿಗೆ ಬಂದು ಪೆಟ್ಟಿಗೆ ಬಿಚ್ಚುವಾಗ ಆ ಕೈಚೀಲ ನನ್ನ ಕೈಗೆ ಬಂತು. ಡಬ್ಬಿಯ ಅಡಿಯಲ್ಲಿ ಪ್ಲಾಸ್ಟಿಕ್ ಲಕೋಟೆ. ಒಳಗೆ ಕಪ್ಪು ಈಜುಡುಗೆ, ಉದ್ದ ತೋಳಿನದು, ಮಂಡಿ ಮುಚ್ಚುವಂಥದ್ದು. ಅಳತೆ ಅವಳದೇ. ಬೆಲೆಚೀಟಿಯನ್ನೂ ಕಿತ್ತಿರಲಿಲ್ಲ.

ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಿದ್ದಾಳೆ. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ. ಕಳೆದ ವರ್ಷ ಬಲಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಎಡಗಾಲಿನದು ಬಾಕಿ ಇದೆ.