ಎಳೆಯ ಕಣ್ಣಿಗೆ ಪೊರೆ

ಮುಪ್ಪಿನಲ್ಲಿ ತಲೆ ನರೆಯುವಂತೆ ಕಣ್ಣಿಗೆ ಪೊರೆ ಬರುವುದೂ ಲೋಕಸಹಜವೆಂದು ಎಲ್ಲರೂ ಬಲ್ಲರು. ಆದರೆ ತೊಟ್ಟಿಲ ಕೂಸಿಗೂ ಶಾಲೆಯ ಬಾಲಕನಿಗೂ ಅದು ಬಂದೀತೆಂದರೆ ಜನರು ನಂಬಲಾರರು; ನಂಬಿದರೂ ಪೂರ್ವಜನ್ಮದ ಕರ್ಮವೆಂದು ಕೈಕಟ್ಟಿ ಕುಳಿತುಬಿಡುವರು. ಇವೆರಡೂ ಅನರ್ಥಕ್ಕೆ ಮೂಲ.

‘ಪೊರೆ’ ಎಂಬ ಮಾತೇ ನಮ್ಮನ್ನು ದಾರಿತಪ್ಪಿಸುತ್ತದೆ. ಇದು ಹಾವಿನ ಪೊರೆಯಂತೆ ಕಣ್ಣಿನ ಮೇಲೆ ಬೆಳೆಯುವ ತೊಗಲಲ್ಲ. ಪಾಪೆಯ ಹಿಂದೆ ಸ್ಫಟಿಕದಂತೆ ನಿರ್ಮಲವಾದ ಮಸೂರವೊಂದುಂಟು. ಅದರೊಳಗಿನ ಪ್ರೋಟೀನುಗಳು ಒಮ್ಮೆ ಕೆಟ್ಟು ಗರಣೆಗಟ್ಟಿದರೆ ಮತ್ತೆ ತಿಳಿಯಾಗಲಾರವು. ಹಾಗೆ ಕೆಡುವುದಕ್ಕೆ ವಯಸ್ಸೊಂದೇ ಕಾರಣವಲ್ಲ.

ಕೆಲವರಿಗೆ ಇದು ವಂಶಾನುಗತವಾಗಿ ಬರುತ್ತದೆ. ಚಿನ್ನಿದಾಂಡಿನ ಏಟಿನಿಂದಲೂ, ಹತೋಟಿ ತಪ್ಪಿದ ಸಿಹಿಮೂತ್ರರೋಗದಿಂದಲೂ ಬರಬಹುದು. ಗರ್ಭಿಣಿಯು ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರಕ್ಕೆ ತುತ್ತಾದರೆ ಶಿಶುವು ಪೊರೆಯೊಡನೆಯೇ ಹುಟ್ಟಬಹುದೆಂಬುದನ್ನು ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ ಎಂಬವರು 1941ರಲ್ಲಿ ತೋರಿಸಿಕೊಟ್ಟರು. ಇದನ್ನು ತಡೆಯುವ ಲಸಿಕೆಯುಂಟು. 2017ರಲ್ಲಿ ಅದರ ಅಭಿಯಾನವು ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಇನ್ನೊಂದು ಕಾರಣವನ್ನು ನಾವೇ ಮನೆಗೆ ತರುತ್ತೇವೆ. ನಾನು ಉಪಾಧ್ಯಾಯನಾಗಿದ್ದಾಗ ಎಂಟನೆಯ ತರಗತಿಯ ಹುಡುಗನೊಬ್ಬನು, ಬೆಳಕಿರುವ ಕಿಟಕಿಯ ಬಳಿ ಕುಳಿತರೆ ಅಕ್ಷರ ಕಾಣದು, ಮಬ್ಬಾದ ಮೂಲೆಯಲ್ಲಿ ಕಾಣುವುದು ಎನ್ನುತ್ತಿದ್ದನು. ಜೊತೆಯವರು ನಗುತ್ತಿದ್ದರು. ನಾನು ತಂದೆಯನ್ನು ಕರೆಸಿ, ಮಗನನ್ನು ನೇತ್ರವೈದ್ಯರಲ್ಲಿಗೆ ಕರೆದೊಯ್ಯುವಂತೆ ಹೇಳಿದೆನು. ಕಣ್ಣಿನ ತುರಿಕೆಗೆಂದು ಅಂಗಡಿಯಿಂದ ತಾವಾಗಿಯೇ ತಂದ ಸ್ಟಿರಾಯ್ಡ್ ಹನಿಯನ್ನು ಮೂರು ವರ್ಷಗಳಿಂದ ಹಾಕುತ್ತಿದ್ದರೆಂದು ಆಗ ತಿಳಿಯಿತು. ತುರಿಕೆ ಶಮನವಾಗಿತ್ತು, ಮಸೂರ ಮಂಜಾಗಿತ್ತು. ಶಸ್ತ್ರಚಿಕಿತ್ಸೆಯಿಂದ ಕೃತಕ ಮಸೂರವನ್ನಿಟ್ಟ ಮೇಲೆ ಅವನು ಕಿಟಕಿಯ ಬಳಿಯಲ್ಲಿಯೇ ಕುಳಿತು ಓದಿದನು. ವೈದ್ಯರು ಒಮ್ಮೆ ಬರೆದುಕೊಟ್ಟ ಚೀಟಿಯು ಎಂದೆಂದಿಗೂ ಸಲ್ಲುವ ಶಾಸನವಲ್ಲವೆಂಬುದನ್ನು ಗೃಹಸ್ಥರು ಮರೆಯಬಾರದು.

ಬಾಲಕನಿಗಾದರೋ ನೋಡುವ ಅಭ್ಯಾಸವು ಮೊದಲೇ ಆಗಿತ್ತು. ಕೂಸಿನ ವಿಷಯ ಬೇರೆ. ಕಣ್ಣು ಕಂಡದ್ದನ್ನು ಅರಿಯಲು ಮೆದುಳು ಕಲಿಯಬೇಕು. ಆ ಕಲಿಕೆ ಶೈಶವದಲ್ಲಿಯೇ ನಡೆಯಬೇಕು. ಅಕ್ಷರಾಭ್ಯಾಸಕ್ಕೆ ವಯಸ್ಸು ಮೀರಿದರೂ ಕಲಿಯಬಹುದು. ದೃಷ್ಟಿಯ ಅಭ್ಯಾಸಕ್ಕೆ ಅಷ್ಟು ಬಿಡುವಿಲ್ಲ. ಹುಟ್ಟಿನಿಂದಲೇ ಪೊರೆ ದಟ್ಟವಾಗಿದ್ದರೆ ಮೊದಲ ಕೆಲವು ವಾರಗಳಲ್ಲಿಯೇ ಅದನ್ನು ತೆಗೆಸಬೇಕಾಗುತ್ತದೆ. ತಡವಾದರೆ, ಕಣ್ಣು ತಿಳಿಯಾದರೂ ನೋಟವು ಪೂರ್ಣವಾಗಿ ಬರಲಾರದು.

ಆದುದರಿಂದ ತಾಯಂದಿರೇ, ಮಗುವಿನ ಪಾಪೆಯಲ್ಲಿ ಬಿಳುಪು ಕಂಡರೆ, ನಿಮ್ಮ ಮುಖವನ್ನು ಅದು ದಿಟ್ಟಿಸದಿದ್ದರೆ, ಕಣ್ಣುಗುಡ್ಡೆಗಳು ನಿಲ್ಲದೆ ಅಲುಗಾಡುತ್ತಿದ್ದರೆ, ಹಬ್ಬ ಕಳೆಯಲಿ, ಹುಣ್ಣಿಮೆ ಕಳೆಯಲಿ ಎನ್ನದೆ ಆ ವಾರವೇ ನೇತ್ರವೈದ್ಯರಿಗೆ ತೋರಿಸಿರಿ. ಆ ಬಿಳುಪಿಗೆ ಪೊರೆಗಿಂತ ಘೋರವಾದ ಕಾರಣವೂ ಇರಬಹುದು. ಕರ್ಮದ ಲೆಕ್ಕವನ್ನು ಆಮೇಲೆ ನೋಡೋಣ; ಕೂಸಿನ ಕಣ್ಣಿಗೆ ಕಾಯುವಷ್ಟು ಕಾಲವಿಲ್ಲ.