ಕೋಡುಬಳೆಯ ಜಾತಕ

ಅಂಗಡಿಯಿಂದ ತಂದ ಕೋಡುಬಳೆ ಪೊಟ್ಟಣವನ್ನು ಒಡೆಯುವ ಮುಂಚೆ ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿ. ತೂಕ, ಎಂಆರ್‌ಪಿ, ಏನೇನು ಹಾಕಿದ್ದಾರೆಂಬ ಪಟ್ಟಿ, ನೂರು ಗ್ರಾಮಿಗೆ ಎಷ್ಟು ಕೊಬ್ಬು ಎಷ್ಟು ಸೋಡಿಯಂ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಚೌಕದೊಳಗೊಂದು ಹಸಿರು ಚುಕ್ಕೆ, ಮೂಲೆಯಲ್ಲಿ ಬಾರ್‌ಕೋಡು. ಒಂದು ತಿಂಡಿಯ ಪೂರಾ ಜಾತಕವೇ ಅಲ್ಲಿದೆ. ಅದನ್ನು ಬರೆದವರು, ತಿದ್ದಿದವರು, ಸರಿ ಎಂದು ಒಪ್ಪಿದವರು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅವರ ಮೇಲೆ ನನಗೆ ಬಹಳ ಗೌರವ.

ಬಾರ್‌ಕೋಡಿನ ಮಾತು ಬಂತಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. 890 ಎಂದು ಶುರುವಾದರೆ ಅದು ಭಾರತದಲ್ಲೇ ತಯಾರಾದದ್ದು ಎಂದು ತುಂಬ ಜನ ನಂಬಿದ್ದಾರೆ. ಹಾಗಲ್ಲ. ಆ ಸಂಖ್ಯೆಯನ್ನು ಕೊಟ್ಟದ್ದು ಜಿಎಸ್‌1 ಇಂಡಿಯಾ ಸಂಸ್ಥೆ ಎಂದಷ್ಟೇ ಅದರ ಅರ್ಥ. ಸರಕು ಎಲ್ಲಿ ತಯಾರಾಯಿತೆಂಬುದನ್ನು ಅದು ಹೇಳುವುದಿಲ್ಲ.

ಈ ಜಾತಕ ಪೊಟ್ಟಣದ ಮೇಲೆ ಮಾತ್ರ ಇದ್ದರೆ ಸಾಕಿತ್ತು. ಈಗ ಅದು ಕಂಪನಿಯ ವೆಬ್‌ಸೈಟಿನಲ್ಲಿ, ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪುಗಳಲ್ಲಿ, ಬಿಲ್ಲಿನ ಯಂತ್ರದಲ್ಲಿ, ಡೀಲರುಗಳ ದರಪಟ್ಟಿಯಲ್ಲಿ ಎಲ್ಲ ಕಡೆ ಇರಬೇಕು. ಅದಕ್ಕೆಂದೇ ಸರಕಿನ ಮಾಹಿತಿಯನ್ನೆಲ್ಲ ಒಂದೇ ಕಡೆ ಕೂಡಿಡುವ ತಂತ್ರಾಂಶಗಳಿವೆ. ಆ ವ್ಯವಹಾರದವರು ಪಿಮ್ ಅನ್ನುತ್ತಾರೆ. ಫ್ರಾನ್ಸಿನ ನಾಂತ್ ಊರಿನ ಅಕೆನಿಯೊ, ಆಸ್ಟ್ರಿಯಾದ ಪಿಮ್‌ಕೋರ್ ಆ ಬಗೆಯವು. ಯಾರು ಯಾವ ಕೆಲಸ ಮಾಡಬೇಕು, ಎಲ್ಲಿಗೆ ಬಂತು ಎಂದು ನೋಡಿಕೊಳ್ಳುವುದಕ್ಕೆ ಜಿರಾ, ಟ್ರೆಲೊ, ಆಸನ ಇತ್ಯಾದಿ ಬೇರೆ. ಬಹಳ ಕಡೆ ಇವೆರಡಕ್ಕೂ ಮಾತುಕತೆಯೇ ಇರುವುದಿಲ್ಲ.

ಜಿಎಸ್‌ಟಿ ದರ ಬದಲಾದದ್ದನ್ನು ನೆನಪಿಸಿಕೊಳ್ಳಿ. 2025ರ ಸೆಪ್ಟೆಂಬರ್ 3ರಂದು ಮಂಡಳಿ ತೀರ್ಮಾನಿಸಿತು, 22ರಿಂದ ಜಾರಿ. ಪೊಟ್ಟಣ ಕಟ್ಟಿದ ಕುರುಕಲು ತಿಂಡಿಗೆ, ತುಪ್ಪಕ್ಕೆ ಶೇಕಡಾ 12 ಇದ್ದದ್ದು 5ಕ್ಕೆ ಇಳಿಯಿತು. ನಡುವೆ ಮೂರು ವಾರವೂ ಇಲ್ಲ. ನಲವತ್ತು ಬಗೆ ತಿಂಡಿ ಮಾಡುವ ಒಂದು ಸಣ್ಣ ಸಂಸ್ಥೆ ಅಂದುಕೊಳ್ಳಿ: ಒಂದೊಂದಕ್ಕೂ ಮೂರು ಅಳತೆಯ ಪೊಟ್ಟಣ, ಒಂದೊಂದರ ಬೆಲೆಯೂ ಆರೇಳು ಕಡೆ. ಕೆಲಸದ ತಂತ್ರಾಂಶದಲ್ಲಿ ‘ಬೆಲೆ ಬದಲಾಯಿಸಿ’ ಎಂಬ ಚೀಟಿಯನ್ನು ಯಾರೋ ‘ಮುಗಿಯಿತು’ ಅನ್ನುವ ಸಾಲಿಗೆ ಎಳೆದುಬಿಡುತ್ತಾರೆ. ಆ್ಯಪಿನಲ್ಲಿ ಹಳೆಯ ಬೆಲೆಯೇ ಕೂತಿರುತ್ತದೆ.

ಬೆಲೆ ತಪ್ಪಾದರೆ ಗಿರಾಕಿ ಜಗಳ ಆಡಿಯಾನು, ದುಡ್ಡು ವಾಪಸು ಕೊಟ್ಟರೆ ತೀರಿತು. ನನಗೆ ಭಯವಾಗುವುದು ಇನ್ನೊಂದು ಕಡೆ. ಅಡುಗೆಯವರು ಕೋಡುಬಳೆಗೆ ಹುರಿಗಡಲೆಯ ಜೊತೆ ಒಂದಿಷ್ಟು ಕಡಲೆಕಾಯಿ ಪುಡಿ ಸೇರಿಸಿದರು ಅನ್ನಿ. ರುಚಿ ಚೆನ್ನಾಗಿಯೇ ಬಂತು. ಆದರೆ ಕಡಲೆಕಾಯಿ ಕೆಲವರ ಮೈಗೆ ಒಗ್ಗುವುದಿಲ್ಲ; ಉಸಿರುಗಟ್ಟಿ ಪ್ರಾಣಕ್ಕೇ ಬರಬಹುದು. ಅದಕ್ಕಾಗಿಯೇ ಕಡಲೆಕಾಯಿ ಇದ್ದರೆ ಲೇಬಲ್ಲಿನ ಮೇಲೆ ಹೇಳಲೇಬೇಕೆಂದು ನಿಯಮವಿದೆ. ಅಡುಗೆಮನೆಯ ಬದಲಾವಣೆ ಲೇಬಲ್ಲು ಮಾಡುವವರಿಗೆ, ವೆಬ್‌ಸೈಟು ನೋಡಿಕೊಳ್ಳುವವರಿಗೆ ಅದೇ ದಿನ ತಲುಪಬೇಕು. ಇದನ್ನು ಯಾರೋ ಒಬ್ಬರ ನೆನಪಿಗೆ, ವಾಟ್ಸಾಪಿನ ಒಂದು ಸಂದೇಶಕ್ಕೆ ಬಿಡುವುದು ಅನ್ಯಾಯ.

ಪಿಮ್ ಮತ್ತು ಕೆಲಸದ ತಂತ್ರಾಂಶ ಎರಡನ್ನೂ ಜೋಡಿಸಿದರೆ ಆಗುವುದಿಷ್ಟು. ಪಿಮ್‌ನಲ್ಲಿ ಪದಾರ್ಥಗಳ ಪಟ್ಟಿ ಬದಲಾದ ತಕ್ಷಣ ಅದು ಕೆಲಸದ ತಂತ್ರಾಂಶಕ್ಕೆ ಸುದ್ದಿ ಕಳಿಸುತ್ತದೆ. ಅಲ್ಲಿ ಸಂಬಂಧಪಟ್ಟವರ ಹೆಸರಿನಲ್ಲಿ ಚೀಟಿ ತೆರೆದುಕೊಳ್ಳುತ್ತದೆ. ಚೀಟಿಯಲ್ಲಿ ಸರಕಿನ ಸಂಖ್ಯೆ ಇರಲಿ, ಪಿಮ್‌ನ ಆ ಪುಟಕ್ಕೆ ಕೊಂಡಿ ಇರಲಿ. ತೂಕ, ಬೆಲೆಗಳನ್ನು ಚೀಟಿಗೆ ನಕಲು ಮಾಡಕೂಡದು; ಮಾಡಿದರೆ ನಾಳೆ ಯಾವುದು ನಿಜ ಎಂದು ಹುಡುಕುತ್ತ ಕೂರಬೇಕಾಗುತ್ತದೆ. ಅಲ್ಪವಿರಾಮ ತಿದ್ದಿದ್ದಕ್ಕೂ ಚೀಟಿ ಬಂದರೆ ಜನ ನೋಡುವುದನ್ನೇ ಬಿಟ್ಟುಬಿಡುತ್ತಾರೆ, ಆದ್ದರಿಂದ ಮುಖ್ಯವಾದ ನಾಲ್ಕೈದು ವಿವರಗಳಿಗಷ್ಟೇ ಈ ಏರ್ಪಾಡು ಸಾಕು. ಎಲ್ಲಕ್ಕಿಂತ ಮುಖ್ಯವಾದದ್ದು: ಕೆಲಸ ಮುಗಿಯಿತೆಂದು ಹೇಳುವ ಅಧಿಕಾರ ಚೀಟಿ ಎಳೆಯುವ ಬೆರಳಿಗೆ ಬೇಡ. ಹೊಸ ಲೇಬಲ್ಲು ಪಿಮ್‌ನಲ್ಲಿ ಸೇರಿ, ಪರಿಶೀಲಿಸುವವರು ಒಪ್ಪಿದ ಮೇಲೆ ಚೀಟಿ ತಾನಾಗಿ ಮುಚ್ಚಿಕೊಳ್ಳಲಿ.

ಒಂದು ಸ್ವಾರಸ್ಯ ನೋಡಿ. ಬಾರ್‌ಕೋಡನ್ನು ಅಂಗಡಿಯಲ್ಲಿ ಮೊದಲ ಸಲ ಓದಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಊರಿನ ಸೂಪರ್‌ಮಾರ್ಕೆಟ್ಟಿನಲ್ಲಿ. ಸರಕು, ಒಂದು ಚೂಯಿಂಗ್ ಗಮ್ ಪೊಟ್ಟಣ. ಇತ್ತ ಕೆಲಸದ ಚೀಟಿಯನ್ನು ಸಾಲಿನಿಂದ ಸಾಲಿಗೆ ಸರಿಸುವ ಕಾನ್‌ಬಾನ್ ಪದ್ಧತಿ ಬಂದದ್ದು ಜಪಾನಿನ ಟೊಯೊಟಾ ಕಾರ್ಖಾನೆಯಿಂದ. ಅದನ್ನು ರೂಪಿಸಿದ ತೈಇಚಿ ಓನೊ ಅವರಿಗೆ ಅದು ಹೊಳೆದದ್ದು ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ರೀತಿಯಿಂದ: ಗಿರಾಕಿ ತೆಗೆದುಕೊಂಡಷ್ಟನ್ನೇ ಮತ್ತೆ ತುಂಬಿಸುವುದು. ಎರಡರ ಬೇರೂ ದಿನಸಿ ಅಂಗಡಿಯಲ್ಲೇ ಇದೆ.

ತಿಂಡಿ ಮಾಡಿ ಮಾರುವವರಲ್ಲಿ ಒಂದು ಕೋರಿಕೆ. ದುಬಾರಿ ತಂತ್ರಾಂಶ ಕೊಳ್ಳುವ ತನಕ ಕಾಯಬೇಡಿ. ಸರಕಿನ ಪಟ್ಟಿ ಬರೀ ಎಕ್ಸೆಲ್‌ನಲ್ಲಿದ್ದರೂ ಸರಿ, ಅದರಲ್ಲೂ ಕೆಲಸದ ಪಟ್ಟಿಯಲ್ಲೂ ಒಂದೇ ಸರಕಿನ ಸಂಖ್ಯೆ ಬರೆಯುವುದನ್ನು ಈ ವಾರವೇ ಶುರುಮಾಡಿ. ಕಡಲೆಕಾಯಿ ಹಾಕುವ ತಿಂಡಿಗಳಿಂದ ಮೊದಲಿಡಿ.