ನಾಗವಲ್ಲಿ ಎರಡನೇ ಸಲ ಬಂದಾಗ

ಸಾರು ಎರಡನೇ ದಿನಕ್ಕೆ ರುಚಿ, ಡಿಕಾಕ್ಷನ್ ಎರಡನೇ ಸಲಕ್ಕೆ ನೀರು. ಸಿನಿಮಾಗಳ ಎರಡನೇ ಭಾಗ ಹೆಚ್ಚುಕಮ್ಮಿ ಡಿಕಾಕ್ಷನ್ ಜಾತಿ ಅಂತ ನನ್ನ ಲೆಕ್ಕ. ಮೊದಲನೇದು ದುಡ್ಡು ಮಾಡ್ತಲ್ಲ ಅಂತ ಅದೇ ಚರಟದ ಮೇಲೆ ಇನ್ನೊಂದು ಲೋಟ ಬಿಸಿನೀರು ಸುರೀತಾರೆ. ಆದ್ರೆ ‘ಆಪ್ತರಕ್ಷಕ’ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಸಿಕ್ಕಲ್ಲ. ಅದನ್ನ ಬೈಕೊಂಡೇ ಎಂಟತ್ತು ಸಲ ನೋಡಿದೀನಿ. ಬೈಯೋಕೆ ನಂಗೆ ಬೇರೆಯವರಿಗಿಂತ ಒಂದು ಕಾರಣ ಜಾಸ್ತೀನೇ ಐತೆ, ಅದನ್ನ ಆಮೇಲೆ ಹೇಳ್ತೀನಿ.

ಬೈಕೊಂಡು ನೋಡೋ ಬುದ್ಧಿ ನನ್ನೊಬ್ಬಳದಲ್ಲ. ನನ್ನ ತಂಗಿ ಮಗಳು ಕಾಲೇಜಲ್ಲಿದ್ದಾಗ ‘ಟ್ವೈಲೈಟ್’ ಅಂತ ಇಂಗ್ಲಿಷ್ ಕಾದಂಬರಿಗಳ ಸಾಲನ್ನ ಹಿಡ್ಕೊಂಡು ಕೂತಿರೋಳು. ರಕ್ತ ಕುಡಿಯೋ ದೆವ್ವದ ಜಾತಿ ಹುಡುಗ, ಅವನನ್ನ ಪ್ರೀತಿಸೋ ಮನುಷ್ಯರ ಹುಡುಗಿ. ಎರಡನೇ ಪುಸ್ತಕ ‘ನ್ಯೂ ಮೂನ್’ ಮುಗಿಸಿ ಎರಡು ದಿನ ಮುಖ ಊದಿಸ್ಕೊಂಡಿದ್ಲು.

“ಶುರುವಲ್ಲೇ ಅವನು ಬಿಟ್ಟು ಹೋಗ್ಬಿಡ್ತಾನೆ ದೊಡ್ಡಮ್ಮ. ಆಮೇಲೆ ಬರೀ ಇವಳು ಕೊರಗೋದೇ.”

“ಹಂಗಾದ್ರೆ ರಾತ್ರಿ ಮೂರು ಗಂಟೆ ತನಕ ಲೈಟ್ ಹಾಕ್ಕೊಂಡು ಓದಿದ್ದು ಯಾವ್ದನ್ನೇ?”

“ಅದನ್ನೇ. ಬಿಡೋಕಾಗ್ಲಿಲ್ಲ.”

ನಮ್ಮ ಕಡೆ ದೆವ್ವಗಳು ರಕ್ತ ಕುಡಿಯೋದು ಕಮ್ಮಿ. ಹೆಸರು ಹಿಡಿದು ಕೂಗೋದು, ಮೈಮೇಲೆ ಬರೋದು ಜಾಸ್ತಿ. ‘ನಾಳೆ ಬಾ’ ಕಾಲ ನಿಮಗೂ ನೆನಪಿರ್ಬೇಕು. ರಾತ್ರಿ ಹೊತ್ತು ದೆವ್ವ ಮನೆಯವರದ್ದೇ ದನೀಲಿ ಕೂಗುತ್ತೆ, ಓ ಅಂದ್ರೆ ಸತ್ತೆ ಅಂತ ಸುದ್ದಿ ಹಬ್ಬಿ, ಬಾಗಿಲು ಬಾಗಿಲ ಮೇಲೂ ಸುಣ್ಣದಲ್ಲೋ ಇದ್ದಿಲಲ್ಲೋ ‘ನಾಳೆ ಬಾ’ ಅಂತ ಬರೆದಿದ್ರು. ಹೊಳೆನರಸೀಪುರದ ನಮ್ಮ ತವರುಮನೆ ಬಾಗಿಲ ಮೇಲೆ ಆ ಅಕ್ಷರ ಬರೆದೋಳು ನಾನೇ, ಮನೇಲಿ ದುಂಡಗೆ ಬರೆಯೋಳು ನಾನೊಬ್ಳೇ ಅಂತ. ದಿನಾ ಬಂದು ಓದ್ಕೊಂಡು ವಾಪಸ್ ಹೋಗೋ ಅಂಥ ಓದು ಬಲ್ಲ ದೆವ್ವ ಅದು! ಈಗ ನಗು ಬರುತ್ತೆ, ಆಗ ರಾತ್ರಿ ಹಿತ್ತಿಲಿಗೆ ಹೋಗೋಕೆ ಇಬ್ಬರು ಜೊತೆ ಬೇಕಿತ್ತು.

ಇಂಥ ಊರುಗಳಿಗೆ 2004ರ ಆಗಸ್ಟಲ್ಲಿ ‘ಆಪ್ತಮಿತ್ರ’ ಬಂತು. ಕತೆ ಎಲ್ಲರಿಗೂ ಬಾಯಿಪಾಠ, ಬಿಡಿಸಿ ಹೇಳಲ್ಲ. ಹಳೇ ಅರಮನೆ, ಬೀಗ ಹಾಕಿದ ಕೋಣೆ, ಆಂಧ್ರದಿಂದ ತಂದ ನರ್ತಕಿ ನಾಗವಲ್ಲಿ, ಅವಳನ್ನ ಕೊಂದ ರಾಜ ವಿಜಯ ರಾಜೇಂದ್ರ ಬಹದ್ದೂರ್. ಮಲಯಾಳಂನಲ್ಲಿ ಫಾಜಿಲ್ ಅವರು 1993ರಲ್ಲೇ ‘ಮಣಿಚಿತ್ರತಾಳ್’ ಅಂತ ತೆಗೆದಿದ್ದು, ಅದರಲ್ಲಿ ಶೋಭನಾಗೆ ರಾಷ್ಟ್ರಪ್ರಶಸ್ತಿನೂ ಬಂದಿತ್ತು. ಪಿ. ವಾಸು ಅದನ್ನ ಕನ್ನಡಕ್ಕೆ ತಂದ್ರು. ನಮ್ಮ ಸೌಂದರ್ಯ ಮಾತ್ರ ಅದನ್ನ ಥಿಯೇಟರಲ್ಲಿ ನೋಡ್ಲಿಲ್ಲ. ಏಪ್ರಿಲ್ 17ಕ್ಕೆ ಚುನಾವಣೆ ಪ್ರಚಾರಕ್ಕೆ ಅಂತ ಜಕ್ಕೂರಿಂದ ವಿಮಾನ ಹತ್ತಿದ್ದು, ಹಾರಿದ ಸ್ವಲ್ಪ ಹೊತ್ತಿಗೇ ಬಿದ್ದೋಯ್ತು. ಅಣ್ಣನೂ ಜೊತೇಲೇ ಹೋದ. ಸತ್ತು ನಾಲ್ಕು ತಿಂಗಳಾದ ಹೆಂಗಸು ಪರದೆ ಮೇಲೆ ಕಣ್ಣು ಅಗಲಿಸಿ ನಿಂತಾಗ ಟಾಕೀಸಲ್ಲಿ ಹೆಂಗಸರೆಲ್ಲ ಉಸಿರು ಹಿಡಿದಿದ್ವು.

ಆ ಸಿನಿಮಾದಲ್ಲಿ ನಂಗೆ ಇಷ್ಟ ಆಗಿದ್ದು ಬೇರೆ. ಅದರಲ್ಲಿ ದೆವ್ವ ಇಲ್ಲ. ಗಂಗಾಗೆ ಇರೋದು ಕಾಯಿಲೆ. ಅವಳು ನಾಟಕ ಮಾಡ್ತಿಲ್ಲ, ಕೆಟ್ಟೋಳಲ್ಲ, ಅವಳಿಗೇ ಗೊತ್ತಿಲ್ಲದೆ ಅವಳು ನಾಗವಲ್ಲಿ ಆಗ್ತಾಳೆ ಅಂತ ಡಾಕ್ಟ್ರು ವಿಜಯ್ ಗಂಡನಿಗೆ ಕೂರಿಸ್ಕೊಂಡು ಹೇಳ್ತಾರೆ. ಯಾರೂ ಅವಳಿಗೆ ಒಂದೇಟು ಹೊಡೆಯಲ್ಲ. ಗುಣ ಮಾಡೋವಾಗ ಆಚಾರ್ಯರ ಪೂಜೇನೂ ಇರುತ್ತೆ, ಡಾಕ್ಟ್ರ ಲೆಕ್ಕಾಚಾರಾನೂ ಇರುತ್ತೆ. ವಿಜಯ್ ಇದ್ದ ಜಾಗಕ್ಕೆ ಗೊಂಬೆ ಬರೋ ಹಂಗೆ ಮಾಡಿ ಅವಳ ಸೇಡು ತೀರಿಸ್ತಾರೆ. ಓದಿದೋರು ಇದನ್ನ ಕಲಬೆರಕೆ ಅಂತ ಬೈದಿರಬಹುದು. ನಮ್ಮ ಮನೆಗೆ ಆ ಕಲಬೆರಕೇನೇ ಬೇಕಾಗಿತ್ತು.

ಯಾಕೆ ಅಂದ್ರೆ ಅದೇ ವರ್ಷ ನಮ್ಮ ನಾದಿನಿ ಮಗಳಿಗೆ ಹಂಗೇ ಆಗಿತ್ತು. ಅವಳನ್ನ ಕೇಳೇ ಬರೀತಿದೀನಿ. ಹೆಸರು ಬೇಡ ಅತ್ತೆ ಅಂದ್ಲು. ನೆಂಟರಿಗೆ ಹೆಸರು ಬೇಕಾಗೂ ಇಲ್ಲ ಬಿಡಿ.

ಚನ್ನರಾಯಪಟ್ಟಣದಲ್ಲಿ ಡಿಗ್ರಿ ಮೊದಲನೇ ವರ್ಷ ಓದ್ತಿದ್ಲು. ಮೊದಲು ನಿದ್ದೆ ಹೋಯ್ತು. ಆಮೇಲೆ ಊಟ. ಆಮೇಲೆ ರಾತ್ರಿ ಎದ್ದು ಕೂತ್ಕೊಂಡು ಯಾರಿಗೋ ಉತ್ತರ ಕೊಡೋಳು. ದನಿ ಗಡುಸಾಗೋದು, ತಂದೇನ ಏಕವಚನದಲ್ಲಿ ಮಾತಾಡ್ಸೋಳು. ಬಾವಿಗೆ ಬಿದ್ದು ಸತ್ತ ಒಬ್ಬ ಹೆಂಗಸಿನ ಹೆಸರು ಹೇಳಿ ನಾನೇ ಅವಳು ಅಂದ್ಲು ಒಂದು ದಿನ. ಅಲ್ಲಿಗೆ ಊರವರು ತೀರ್ಮಾನ ಮಾಡ್ಬಿಟ್ರು. ಮಂತ್ರ ಹಾಕೋನನ್ನ ಕರೆಸಿದ್ರು. ಬೇವಿನ ಬರಲಲ್ಲಿ ಹೊಡೆಯೋದು, ಮುಖಕ್ಕೆ ಒಣಮೆಣಸಿನಕಾಯಿ ಹೊಗೆ ಹಿಡಿಯೋದು, ಎಲ್ಲ ಆಯ್ತು. ನಾನು ಹೋಗಿ ನೋಡಿದಾಗ ಹುಡುಗಿ ತೋಳ ತುಂಬ ಬಾಸುಂಡೆ. ಆಸ್ಪತ್ರೆಗೆ ತೋರ್ಸೋಣ ಕಣಮ್ಮ ಅಂದ್ರೆ ನಾದಿನಿ, “ಹುಚ್ಚಿ ಅಂತ ಹೆಸರು ಬಂದ್ರೆ ಯಾರು ಮದುವೆ ಆಯ್ತಾರೆ ಅತ್ತಿಗೆ? ದೆವ್ವ ಅಂದ್ರೆ ಬಿಟ್ಟೋಯ್ತು ಅಂತಾದ್ರೂ ಹೇಳ್ಬೋದು” ಅಂದ್ಲು. ಅವಳ ಲೆಕ್ಕನೂ ತೆಗೆದು ಹಾಕೋ ಹಂಗಿರ್ಲಿಲ್ಲ.

ಆ ಸಲ ಹಾಸನಾಂಬೆ ಬಾಗಿಲು ತೆಗೆದಾಗ ನಮ್ಮತ್ತೆ ಅರಕಲಗೂಡಿಂದ ದರ್ಶನಕ್ಕೆ ಬಂದಿದ್ರು, ನಾದಿನೀನೂ ಬಂದಿದ್ಲು. ‘ಆಪ್ತಮಿತ್ರ’ ಇನ್ನೂ ಓಡ್ತಿತ್ತು. ನಾನು ಇಬ್ಬರನ್ನೂ ಕರ್ಕೊಂಡು ಹೋದೆ. ಸುಳ್ಳ್ಯಾಕೆ ಹೇಳ್ಲಿ, ಉಪಾಯ ಮಾಡೇ ಕರ್ಕೊಂಡು ಹೋಗಿದ್ದು. ಅತ್ತೆ ಅಕ್ಷರ ಕಲಿತೋರಲ್ಲ, ಆದ್ರೆ ಕತೆ ಕೇಳೋದ್ರಲ್ಲಿ ಬಲು ಚುರುಕು. ಸಿನಿಮಾ ಬಿಟ್ಟ ಮೇಲೆ ಆಟೋದಲ್ಲಿ ಒಂದು ಮಾತಾಡ್ಲಿಲ್ಲ. ಮನೆಗೆ ಬಂದು ಕಾಲು ತೊಳ್ಕೊಂಡು, “ಏನವ್ವಾ, ಅಂಗೆ ತಲೆ ಒಳಗಿಂದ ನೋಡೋ ದಾಕ್ಟ್ರು ನಿಮ್ಮ ಆಸನದಲ್ಲಿ ಇದ್ದಾರಾ?” ಅಂದ್ರು. ಪೂಜೆ ಬಿಡ್ಬೇಕು ಅಂದಿದ್ರೆ ಅವರು ಒಪ್ತಿರ್ಲಿಲ್ಲ. ಆಚಾರ್ಯರೇ ಡಾಕ್ಟ್ರ ಜೊತೆ ನಿಂತ್ಕೊಂಡಿದ್ರಲ್ಲ, ಅದು ಅವರಿಗೆ ಧೈರ್ಯ ಕೊಡ್ತು.

ಹಾಸನದಲ್ಲಿ ತೋರ್ಸಿದ್ವಿ, ಅವರು ಬೆಂಗಳೂರಿನ ನಿಮ್ಹಾನ್ಸಿಗೆ ಬರೆದುಕೊಟ್ರು. ಗೊಂಬೆ ಸುಟ್ಟು ಒಂದೇ ರಾತ್ರಿಗೆ ಗುಣ ಆಗೋದು ಸಿನಿಮಾದಲ್ಲಿ ಮಾತ್ರ. ಇಲ್ಲಿ ಮಾತ್ರೆ ಮೈಗೆ ಹತ್ತೋಕೇ ವಾರಗಟ್ಟಲೆ ಬೇಕಾಯ್ತು. ಶುರುವಲ್ಲಿ ಬರೀ ತೂಕಡಿಕೆ, ಮೈ ದಪ್ಪ ಆಯ್ತು, ಕೈ ನಡುಗೋದು. ಹುಷಾರಾದ್ರು ಅಂತ ನೀವೇ ನಿಲ್ಲಿಸ್ಬೇಡಿ, ಕಮ್ಮಿ ಮಾಡೋದಾದ್ರೂ ನಾವೇ ಮಾಡ್ತೀವಿ ಅಂತ ಡಾಕ್ಟ್ರಮ್ಮ ಮೂರು ಸಲ ಹೇಳಿ ಕಳಿಸಿದ್ರು. ಬಸ್ಸಲ್ಲಿ ಓಡಾಡಿ ಓಡಾಡಿ ಒಂದೂವರೆ ವರ್ಷಕ್ಕೆ ಹುಡುಗಿ ಮತ್ತೆ ಕಾಲೇಜಿಗೆ ಹೋದ್ಲು. ಬಿ.ಎ. ಮುಗಿಸಿದ್ಲು, ಹೊಲಿಗೆ ಕಲಿತ್ಲು. ರಾತ್ರಿ ಒಂದು ಮಾತ್ರೆ ಅಷ್ಟೇ ಉಳಿದಿತ್ತು.

ಈಗ ‘ಆಪ್ತರಕ್ಷಕ’ಕ್ಕೆ ಬರ್ತೀನಿ. 2009ರ ಡಿಸೆಂಬರ್ 30ಕ್ಕೆ ಮೈಸೂರಲ್ಲಿ ವಿಷ್ಣುವರ್ಧನ್ ಹೋದ್ರು. 2010ರ ಫೆಬ್ರವರಿ 19ಕ್ಕೆ ಈ ಸಿನಿಮಾ ಬಂತು, ಅವರ ಇನ್ನೂರನೇದು ಅಂತ. ಮೊದಲ ಭಾಗಕ್ಕೆ ಸೌಂದರ್ಯ ಇಲ್ಲ, ಎರಡನೇದಕ್ಕೆ ವಿಷ್ಣು ಇಲ್ಲ. ನಾಗವಲ್ಲಿ ಶಾಪ ಅಂತ ಜನ ಆಡ್ಕೊಂಡ್ರು. ನಂಗೆ ಆ ಮಾತು ಕೇಳಿದ್ರೇ ಮೈ ಉರೀತಿತ್ತು. ವಿಮಾನ ಬಿದ್ದಿದ್ದಕ್ಕೂ ಎದೆ ನಿಂತಿದ್ದಕ್ಕೂ ಒಂದು ಪಟದ ಹೆಂಗಸನ್ನ ಹೊಣೆ ಮಾಡೋದಾ?

ಟಾಕೀಸಿಗೆ ಹೋಗೋವಾಗಲೇ ಎಲ್ಲರ ಕೈಲೂ ಕರ್ಚೀಫು. ಸಿನಿಮಾ ಮಾತ್ರ ನಿರಾಸೆ. ಗಂಗಾ ಇಲ್ಲ. ನಾಗವಲ್ಲಿ ಚಿತ್ರಪಟ ಬೇರೆ ಮನೆಗೆ ಬರುತ್ತೆ, ಅಲ್ಲಿ ಕಾಟ ಶುರು. ಒಂದು ಭಾರೀ ಹಾವು, ಅದು ಯಾಕೆ ಬಂತು ಅಂತ ನಂಗೆ ಇವತ್ತಿಗೂ ಸರಿಯಾಗಿ ಹತ್ತಿಲ್ಲ. ‘ನಾಗರಹಾವು’ ಸಿನಿಮಾದಿಂದ ಮೇಲೆ ಬಂದ ನಟನಿಗೆ ಕೊನೇಲೂ ಒಂದು ಹಾವು ಇರ್ಲಿ ಅಂದ್ಕೊಂಡ್ರೋ ಏನೋ. ಅದರ ಮೇಲೆ ಆ ಕಾಲದ ರಾಜ ನೂರು ವರ್ಷ ದಾಟಿದ್ರೂ ಸತ್ತಿಲ್ಲ, ಇನ್ನೂ ಬದುಕಿದ್ದಾನೆ! ಡಾಕ್ಟ್ರು ವಿಜಯ್ ಬರ್ತಾರೆ, ಅವಿನಾಶ್ ಅವರ ಆಚಾರ್ಯರೂ ಬರ್ತಾರೆ, ಆದ್ರೆ ಈ ಸಲ ಡಾಕ್ಟ್ರ ವಿದ್ಯೆಗಿಂತ ಆತ್ಮದ್ದೇ ಮೇಲುಗೈ. ಮೊದಲನೇದು ದೆವ್ವ ಅಲ್ಲಮ್ಮ, ಕಾಯಿಲೆ ಅಂತ ಹೇಳಿ ಕಳಿಸಿತ್ತು. ಎರಡನೇದು ಬಂದು, ಇಲ್ಲ ಇಲ್ಲ ನಿಜವಾಗ್ಲೂ ದೆವ್ವಾನೇ ಅಂದಂಗಾಯ್ತು.

ಆದ್ರೂ ಸೀಟಿಂದ ಏಳೋಕಾಗ್ಲಿಲ್ಲ. ಮನೆ ತುಂಬ ಹೆಣ್ಣುಮಕ್ಕಳು, ಯಾರೊಳಗೆ ನಾಗವಲ್ಲಿ ಇದ್ದಾಳೆ ಅಂತ ಕೊನೆವರೆಗೂ ಬಿಟ್ಟುಕೊಡಲ್ಲ. ಮುಖ್ಯ ಅಂದ್ರೆ ವಿಷ್ಣು. ಡಾಕ್ಟ್ರೂ ಅವರೇ, ರಾಜನೂ ಅವರೇ. ರಾಜನಾಗಿ ಆ ಕಣ್ಣಲ್ಲಿ ಹಂಗೇ ನೋಡ್ಕೊಂಡು ‘ಹೌಲ ಹೌಲ’ ಅಂತ ನಡೆದು ಬರ್ತಿದ್ರೆ, ಐವತ್ತು ದಿನದ ಹಿಂದೆ ಮಣ್ಣಾದೋರು ಅಂತ ಮನಸ್ಸಿಗೆ ನಂಬಿಸೋಕೇ ಆಗಲ್ಲ. ಆ ಪಾಪಿ ರಾಜ ಸಾಯ್ಬೇಕು ಅಂತ ಕತೆ ಕೇಳುತ್ತೆ, ನಮಗೆ ಸಾಯೋದು ಬೇಡ ಅನ್ಸುತ್ತೆ. ಅಂಥ ಇಕ್ಕಟ್ಟು ಬೇರೆ ಯಾವ ಸಿನಿಮಾದಲ್ಲೂ ನಂಗೆ ಆಗಿಲ್ಲ.

ಒಂದು ಕಾರಣ ಜಾಸ್ತಿ ಅಂದ್ನಲ್ಲ, ಅದು ಇಲ್ಲಿಂದ. ಹದಿನೈದು ದಿನ ಬಿಟ್ಟು ನಾದಿನಿ ಫೋನ್ ಮಾಡಿದ್ಲು. “ಅತ್ತಿಗೆ, ನಾವೂ ನೋಡ್ದೋ. ಈಗ ಅವರೇ ದೆವ್ವ ಅಂತ ಒಪ್ಕಂಡವ್ರಲ್ಲ. ಐದು ವರ್ಷ ಮಗೀಗೆ ಸುಮ್ನೆ ಮಾತ್ರೆ ನುಂಗ್ಸಿದೀವಿ.” ಬೇಡ ಕಣಮ್ಮ, ಡಾಕ್ಟ್ರಮ್ಮನ್ನ ಕೇಳ್ದೆ ಏನೂ ಮಾಡ್ಬೇಡ ಅಂತ ಫೋನಲ್ಲೂ ಹೇಳ್ದೆ, ಯುಗಾದಿಗೆ ಬಂದಾಗ ಎದುರಿಗೂ ಹೇಳ್ದೆ. ಹೂಂ ಹೂಂ ಅಂದ್ಲು. ಗಂಡು ನೋಡೋರು ಬರ್ತಿದ್ರು, ಮಾತ್ರೆ ಪಟ್ಟಿ ಮನೇಲಿ ಕಾಣ್ಬಾರ್ದು ಅನ್ನೋದೂ ಇತ್ತು. ನಿಲ್ಲಿಸಿಯೇ ಬಿಟ್ಟಿದ್ಲು.

ಮೇ ತಿಂಗಳಲ್ಲಿ ಅರಕಲಗೂಡಲ್ಲಿ ನಮ್ಮ ಕಡೆಯದೇ ಒಂದು ಮದುವೆ. ಚಪ್ಪರದ ದಿನ ಹುಡುಗಿ ರಾತ್ರಿ ಪೂರ್ತಿ ನಿದ್ದೆ ಮಾಡ್ಲಿಲ್ಲ ಅಂತ ಗೊತ್ತಾಯ್ತು. ಬೆಳಿಗ್ಗೆ ತಿಂಡಿ ಹೊತ್ತಿಗೆ ಅದೇ ಹಳೇ ಗಡುಸು ದನಿ. ನೆಂಟರೆಲ್ಲ ಎಲೆ ಮುಂದೆ ಹಂಗೇ ಕೂತ್ಬಿಟ್ರು. ಯಾರೋ ಒಬ್ಬರು, ಹಳೇ ಮಂತ್ರದೋನು ಇನ್ನೂ ಇದ್ದಾನಂತೆ, ಕರೆಸಿ ಅಂದ್ರು. ನಾದಿನಿ ಅಳ್ತಾ ನಿಂತಿದ್ಲು. ಆಗ ನಮ್ಮತ್ತೆ ಕೋಲು ಊರ್ಕೊಂಡು ಎದ್ದು ಬಂದ್ರು. ಆಗ ಅವರಿಗೆ ಎಂಬತ್ತರ ಹತ್ತತ್ರ. ಮಗಳ ಕಡೆ ತಿರುಗಿ, “ಸಿನ್ಮಾದೋರು ಒಂದ್ಸಲ ಒಂದೇಳ್ತಾರೆ, ಇನ್ನೊಂದ್ಸಲ ಇನ್ನೊಂದೇಳ್ತಾರೆ. ಅವ್ರಿಗೇನೇ? ಮಗ ನಿಂದು. ಗಾಡಿ ತರ್ಸು” ಅಂದ್ರು. ಧಾರೆ ನೋಡೋಕೆ ನಿಲ್ಲದೆ ಮಧ್ಯಾಹ್ನದೊಳಗೆ ಬೆಂಗಳೂರು ದಾರಿ ಹಿಡಿದ್ವಿ.

ಆ ಸಲ ಎಂಟು ತಿಂಗಳು ಹಿಡೀತು. ಮಾತ್ರೆ ಮೊದಲಿಗಿಂತ ಜಾಸ್ತಿ ಆಯ್ತು. ಗೊತ್ತಾಗಿದ್ದ ಗಂಡು ಬಿಟ್ಟೋದ. ಅತ್ತೆ ಅದಾಗಿ ನಾಲ್ಕು ವರ್ಷಕ್ಕೆ ಹೋದ್ರು. ಹುಡುಗಿಗೆ ಕೊನೆಗೆ ಎಲ್ಲ ಗೊತ್ತಿದ್ದೂ ಒಪ್ಪಿದೋನೇ ಸಿಕ್ಕಿದ. ಈಗ ಅವಳದೇ ಹೊಲಿಗೆ ಅಂಗಡಿ. 2017ರಲ್ಲಿ ಹಾಸನದಿಂದ ಬೆಂಗಳೂರಿಗೆ ನೇರ ರೈಲು ಆದ ಮೇಲೆ ಚನ್ನರಾಯಪಟ್ಟಣದಲ್ಲೇ ಹತ್ತಿ ಒಬ್ಬಳೇ ಹೋಗಿ ತೋರಿಸ್ಕೊಂಡು ಬರ್ತಾಳೆ. ನಾನು ಬಿ.ಪಿ. ಮಾತ್ರೆ ನುಂಗೋವಾಗ ಅವಳೂ ತನ್ನದು ನುಂಗ್ತಾಳೆ, ಒಂದೇ ಚೆಂಬಿನ ನೀರು.

ವಾಸು ಅವರು 2023ರಲ್ಲಿ ತಮಿಳಲ್ಲಿ ‘ಚಂದ್ರಮುಖಿ 2’ ಅಂತ ಇನ್ನೂ ಒಂದು ತೆಗೆದ್ರು. ಚರಟಕ್ಕೆ ಮೂರನೇ ಸಲ ನೀರು. ಅದನ್ನ ಅರ್ಧಕ್ಕೇ ನಿಲ್ಲಿಸ್ದೆ. ‘ಆಪ್ತರಕ್ಷಕ’ ಹಂಗಲ್ಲ, ಟೀವೀಲಿ ಬಂದ್ರೆ ರಾತ್ರಿ ಮುದ್ದೆ ಹೊತ್ತು ಮೀರಿದ್ರೂ ಕೂತಿರ್ತೀನಿ. ಹುಡುಗಿ ಇಲ್ಲಿಗೆ ಬಂದಿದ್ದಾಗ ಒಂದ್ಸಲ ಹಿಂಗೇ ಹಾಕಿದ್ರು. ಚಾನೆಲ್ ಬದಲಾಯಿಸ್ಲಾ ಅಂದೆ.

“ಯಾಕತ್ತೆ? ಇರ್ಲಿ. ಇದು ಚೆನ್ನಾಗೈತೆ.”

“ಇದಾ? ಮೊದಲನೇದು ಇದಕ್ಕಿಂತ ಎಷ್ಟೋ ಮೇಲಲ್ವೇನೇ?”

“ಅದನ್ನ ನಾನು ಒಂದ್ಸಲನೂ ಪೂರ್ತಿ ನೋಡಿಲ್ಲ. ಅವಳ ದನಿ ಬದಲಾಗುತ್ತಲ್ಲ, ಅಲ್ಲಿಗೆ ಎದ್ದು ಹೋಗ್ತೀನಿ. ಅದು ನಂದು. ಇದಾದ್ರೆ ಬರೀ ದೆವ್ವದ ಕತೆ, ಏನೂ ಆಗಲ್ಲ.” ಹೇಳ್ತಾ ಚುರುಮುರಿ ತಟ್ಟೆ ತೊಡೆ ಮೇಲೆ ಎಳ್ಕೊಂಡ್ಲು. ಹಾವು ಬರೋ ಜಾಗಕ್ಕೆ, ಈರುಳ್ಳಿ ಇನ್ನೊಂಚೂರು ಹೆಚ್ಚಿ ಹಾಕ್ಬೇಕಿತ್ತು ಅತ್ತೆ ಅಂದ್ಲು.